ಟಿಲ್ಲರ್ ಟಕ್ ಟಕ್ ಅಂತಿದೆಯಾ? ಎಂಜಿನ್ ಬಿಚ್ಚಿಸುವ ಮೊದಲು ಇಷ್ಟು ನೋಡಿ

ಕಳೆದ ವರ್ಷ ದೀಪಾವಳಿ ಮುಗಿದ ವಾರ ನಮ್ಮ ಹಳೇ ಪವರ್ ಟಿಲ್ಲರ್ ಟಕ್ ಟಕ್ ಅನ್ನಲು ಶುರು ಮಾಡಿತು. ಸ್ಲೋನಲ್ಲಿ ಬಿಟ್ಟರೆ ಟಕ್ ಟಕ್. ರೇಸ್ ಕೊಟ್ಟರೆ ಮಾಯ. ಪೇಟೆಯ ಗ್ಯಾರೇಜಿಗೆ ಒಯ್ದೆ. "ರಾಡ್ ಬೇರಿಂಗ್ ಹೋಗಿದೆ ಗೌಡ್ರೇ, ಎಂಜಿನ್ ಬಿಚ್ಚಬೇಕು" ಅಂದರು. ರಾಡ್ ಬೇರಿಂಗ್ ಅಂದರೆ ಪಿಸ್ಟನ್ನಿನ ರಾಡು ಕ್ರ್ಯಾಂಕ್ ಶಾಫ್ಟಿಗೆ ಕೂಡುವಲ್ಲಿನ ಬೇರಿಂಗ್. ಬಿಚ್ಚಿದರು. ಬೇರಿಂಗ್, ರಿಂಗ್, ಗ್ಯಾಸ್ಕೆಟ್ ಸೆಟ್ಟು, ಕೂಲಿ, ಎಲ್ಲ ಸೇರಿ 11,000 ಚಿಲ್ಲರೆ. ಮನೆಗೆ ತಂದು ಹ್ಯಾಂಡಲ್ ಹೊಡೆದೆ. ಟಕ್ ಟಕ್.

ಕೊನೆಗೆ ಕಾರಣ ಸಿಕ್ಕಿದ್ದು ಎಂಜಿನ್ ಒಳಗಲ್ಲ. ಅದನ್ನು ಮುಂದೆ ಹೇಳುತ್ತೇನೆ. ಅಲ್ಲಿಯವರೆಗೆ ನಾನು ಕಲಿತ ಪಾಠಗಳನ್ನು ಕಡಿಮೆ ಖರ್ಚಿನದ್ದು ಮೊದಲು, ಜಾಸ್ತಿ ಖರ್ಚಿನದ್ದು ಆಮೇಲೆ ಅಂತ ಸಾಲಾಗಿ ಬರೆಯುತ್ತೇನೆ.

ನಮ್ಮ ತೀರ್ಥಹಳ್ಳಿ ಕಡೆ ಅಡಿಕೆ ತೋಟದೊಳಗೆ ದೊಡ್ಡ ಟ್ರ್ಯಾಕ್ಟರ್ ಹೋಗುವುದಿಲ್ಲ. ಮರದ ಸಾಲಿನ ನಡುವೆ ನುಗ್ಗುವುದು ಟಿಲ್ಲರ್ ಮಾತ್ರ. ಉಳುವುದಕ್ಕೂ ಅದೇ, ಟ್ರೈಲರ್ ಕಟ್ಟಿ ಗೊಬ್ಬರ, ಸೊಪ್ಪು, ಅಡಿಕೆ ಗೊನೆ ಹೊರುವುದಕ್ಕೂ ಅದೇ. ಬೆಂಗಳೂರಿನ ವಿಎಸ್‌ಟಿ ಟಿಲ್ಲರ್ ಕಂಪನಿ 1967ರಲ್ಲಿ ಜಪಾನಿನ ಮಿತ್ಸುಬಿಷಿ ಜೊತೆ ಸೇರಿ ಶುರುವಾದದ್ದು, ಕೇರಳದ ಕ್ಯಾಮ್ಕೋದ ಟಿಲ್ಲರ್ ಜಪಾನಿನದೇ ಕುಬೋಟಾ ಮೂಲದ್ದು. ಹಾಗಾಗಿ ಬಣ್ಣ ಬೇರೆಯಾದರೂ ಒಳಗಿನ ಕಟ್ಟು ಹೆಚ್ಚೂಕಮ್ಮಿ ಒಂದೇ: ಮುಂದೆ ಮಲಗಿದ ಒಂದೇ ಸಿಲಿಂಡರಿನ ಡೀಸೆಲ್ ಎಂಜಿನ್, ಅಲ್ಲಿಂದ ವಿ-ಬೆಲ್ಟುಗಳು, ಬೆಲ್ಟಿನಿಂದ ಮೇನ್ ಕ್ಲಚ್, ಕ್ಲಚ್ಚಿನಿಂದ ಗೇರ್ ಬಾಕ್ಸ್, ಹಿಂದೆ ರೋಟರಿ, ಅಂದರೆ ಸುತ್ತುತ್ತಾ ಮಣ್ಣು ಉಳುವ ಬ್ಲೇಡುಗಳ ಭಾಗ. ಈ ಸಾಲು ನೆನಪಿಟ್ಟುಕೊಳ್ಳಿ. ಶಬ್ದ ಹುಡುಕುವುದೆಲ್ಲ ಈ ಸಾಲಿನ ಮೇಲೇ ನಿಂತಿದೆ.

ಕೈ ಹಾಕುವ ಮೊದಲು

ಹೆಗಲ ಮೇಲಿನ ಟವೆಲ್ ತೆಗೆದಿಡಿ. ತಮಾಷೆಗೆ ಹೇಳುತ್ತಿಲ್ಲ. ಬಗ್ಗಿ ಕಿವಿಗೊಟ್ಟು ಕೇಳುವಾಗ ಟವೆಲ್ ತುದಿ ಬೆಲ್ಟಿಗೆ ಸಿಕ್ಕಿದರೆ ಅದು ನಿಮ್ಮನ್ನೂ ಎಳೆದುಕೊಳ್ಳುತ್ತದೆ. ಪಂಚೆ, ಲುಂಗಿ ಬೇಡ, ಚಡ್ಡಿ ಅಥವಾ ಪ್ಯಾಂಟು ಇರಲಿ. ಟಿಲ್ಲರನ್ನು ಕೊಟ್ಟಿಗೆಯಿಂದ ಹೊರಗೆ ಸಮತಟ್ಟು ಜಾಗಕ್ಕೆ ತನ್ನಿ, ಮುಚ್ಚಿದ ಜಾಗದಲ್ಲಿ ಹೊಗೆ ಕುಡಿಯುತ್ತಾ ನಿಲ್ಲಬೇಡಿ. ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ. ಬಿಸಿಯಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ರೋಟರಿಯ ಬ್ಲೇಡ್ ಮುಟ್ಟುವಾಗ ಎಂಜಿನ್ ಆಫ್ ಆಗಿರಲೇಬೇಕು. "ಕ್ಲಚ್ ಎಳೆದಿದೆ, ನ್ಯೂಟ್ರಲ್ಲಿದೆ" ಅನ್ನುವುದು ಸಾಲದು.

ನಾಝಲ್ (ಸಿಲಿಂಡರಿನೊಳಗೆ ಡೀಸೆಲ್ ಸಿಂಪಡಿಸುವ ಭಾಗ) ಪೈಪಿನಿಂದ ಡೀಸೆಲ್ ಚಿಮ್ಮುತ್ತಿದ್ದರೆ ಬೆರಳು ಅಡ್ಡ ಹಿಡಿಯಬೇಡಿ. ಕಣ್ಣಿಗೆ ತೆಳ್ಳಗೆ ಮಂಜಿನ ಹಾಗೆ ಕಂಡರೂ ಅದು ಚರ್ಮ ತೂರಿ ಒಳಗೆ ಹೋಗುವಷ್ಟು ಒತ್ತಡದಲ್ಲಿರುತ್ತದೆ. ಹಾಗೇನಾದರೂ ಆದರೆ ಗಾಯ ಸೂಜಿ ಚುಚ್ಚಿದಷ್ಟೇ ಕಾಣಿಸಬಹುದು, ಆದರೂ ಆವತ್ತೇ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಮೊದಲ ಪ್ರಶ್ನೆ: ಶಬ್ದ ಯಾವಾಗ ಬರುತ್ತದೆ?

ನಾವೆಲ್ಲ ಮಾಡುವ ತಪ್ಪು ಎಂದರೆ ಶಬ್ದ ಎಲ್ಲಿಂದ ಬರುತ್ತಿದೆ ಅಂತ ಕಿವಿ ಕೊಡುವುದು. ಒಂದು ಸಿಲಿಂಡರಿನ ಎಂಜಿನ್ ಇಡೀ ಗಾಡಿಯನ್ನೇ ಕುಣಿಸುತ್ತದೆ. ಹ್ಯಾಂಡಲಿನ ಪೈಪು, ತಗಡು, ಟ್ಯಾಂಕು ಎಲ್ಲ ಸದ್ದು ಹೊತ್ತು ತಿರುಗುತ್ತವೆ. ಹಿಂದಿನ ಶಬ್ದ ಮುಂದೆ ಕೇಳಿಸುತ್ತದೆ. ಅದಕ್ಕೆ ಎಲ್ಲಿ ಅನ್ನುವುದನ್ನು ಬಿಡಿ, ಯಾವಾಗ ಅಂತ ಕೇಳಿ.

ಎಂಜಿನ್ ಸ್ಟಾರ್ಟ್ ಮಾಡಿ, ಮೇನ್ ಕ್ಲಚ್ ಆಫ್ ಇಟ್ಟು, ಗೇರ್ ನ್ಯೂಟ್ರಲ್ಲಿಟ್ಟು ಕೇಳಿ. ಈಗ ಓಡುತ್ತಿರುವುದು ಎಂಜಿನ್, ಬೆಲ್ಟು, ಕ್ಲಚ್ಚಿನ ಪುಲ್ಲಿ ಇಷ್ಟೇ. ಶಬ್ದ ಇದೆಯಾ? ಇದ್ದರೆ ಗೇರ್ ಬಾಕ್ಸ್, ರೋಟರಿಗಳನ್ನು ತಲೆಯಿಂದ ತೆಗೆದುಹಾಕಿ. ಇಲ್ಲದಿದ್ದರೆ ನ್ಯೂಟ್ರಲ್ಲಿನಲ್ಲೇ ಕ್ಲಚ್ ಆನ್ ಮಾಡಿ. ಈಗ ಬಂತಾ? ಹಾಗಿದ್ದರೆ ಕ್ಲಚ್ ಅಥವಾ ಗೇರ್ ಬಾಕ್ಸಿನ ಮುಂಭಾಗ. ಆಮೇಲೆ ಕಲ್ಲು ತೆಗೆದು ಒಂದನೇ ಗೇರಿನಲ್ಲಿ ಹತ್ತು ಹೆಜ್ಜೆ ನಡೆಸಿ. ಆಮೇಲೆ ಗಾಡಿ ನಿಲ್ಲಿಸಿ ರೋಟರಿ ಹಾಕಿ. ಟ್ರೈಲರ್ ಕಟ್ಟಿದಾಗ ಮಾತ್ರ ಬರುತ್ತದೆ ಅಂತಾದರೆ ಟ್ರೈಲರನ್ನೇ ಮೊದಲು ನೋಡಿ.

ಇದಕ್ಕೆ ಐದು ನಿಮಿಷ ಸಾಕು, ಒಂದು ಪೈಸೆ ಖರ್ಚಿಲ್ಲ. ನಾನು ಆವತ್ತು ಇದನ್ನು ಮಾಡಿರಲಿಲ್ಲ. ಗ್ಯಾರೇಜಿನವರೂ ಮಾಡಿರಲಿಲ್ಲ.

ಇಳಿಜಾರಿನಲ್ಲಿ ಮಾತ್ರ ಈ ಪರೀಕ್ಷೆ ಬೇಡ. ಇಳಿಯುವಾಗ ಎಡ ಸ್ಟಿಯರಿಂಗ್ ಕ್ಲಚ್ (ಆ ಬದಿಯ ಚಕ್ರ ಬಿಡಿಸಿ, ಸಮತಟ್ಟಿನಲ್ಲಿ ಗಾಡಿಯನ್ನು ಎಡಕ್ಕೆ ತಿರುಗಿಸುವುದು) ಹಿಡಿದರೆ ಗಾಡಿ ಬಲಕ್ಕೆ ತಿರುಗುತ್ತದೆ ಅನ್ನುವುದು ಟಿಲ್ಲರ್ ಹೊಡೆಯುವ ಎಲ್ಲರಿಗೂ ಗೊತ್ತು. ಆದರೆ ಗಮನವೆಲ್ಲ ಶಬ್ದದ ಮೇಲಿದ್ದಾಗ ಗೊತ್ತಿದ್ದದ್ದೂ ಮರೆಯುತ್ತದೆ.

ಝಣಝಣ, ಗಡಗಡ: ಸಡಿಲವಾದ ತಗಡು ಮತ್ತು ಬೋಲ್ಟು

ಒಂದು ನಿರ್ದಿಷ್ಟ ರೇಸಿನಲ್ಲಿ ಮಾತ್ರ ಝಣ್ ಅಂತ ಬಂದು, ರೇಸ್ ಸ್ವಲ್ಪ ಏರಿಸಿದರೆ ನಿಲ್ಲುವ ಶಬ್ದ ಹೆಚ್ಚಾಗಿ ತಗಡಿನದ್ದು. ಬೆಲ್ಟ್ ಕವರ್, ಮಡ್‌ಗಾರ್ಡ್, ಟೂಲ್ ಬಾಕ್ಸಿನ ಮುಚ್ಚಳ, ಡೀಸೆಲ್ ಟ್ಯಾಂಕಿನ ಪಟ್ಟಿ. ಎರಡಡಿ ಉದ್ದದ ಒಣ ಕೋಲು ತಗೊಂಡು, ಎಂಜಿನ್ ಸ್ಲೋನಲ್ಲಿರುವಾಗ ಒಂದೊಂದೇ ತಗಡನ್ನು ಹೊರಗಿನಿಂದ ಒತ್ತಿ ಹಿಡಿಯಿರಿ. ಯಾವುದನ್ನು ಒತ್ತಿದಾಗ ಬಾಯಿ ಮುಚ್ಚುತ್ತದೋ ಅದೇ ಕಳ್ಳ. ಸೈಕಲ್ ಟ್ಯೂಬಿನ ತುಂಡು ಕೊಟ್ಟು ಬಿಗಿ ಮಾಡಿದರೆ ಮುಗಿಯಿತು.

ಮಳೆಗಾಲ ಕಳೆದು ಮೊದಲ ಸಲ ಸ್ಟಾರ್ಟ್ ಮಾಡಿದಾಗ ಫ್ಯಾನಿನ ಹತ್ತಿರ ಪರಪರ ಅಂದರೆ ಗಾಬರಿಯಾಗಬೇಡಿ. ಇಲಿ ಗೂಡು ಇರಬಹುದು. ನಮ್ಮದರಲ್ಲಿ ಒಮ್ಮೆ ರೇಡಿಯೇಟರ್ ಫ್ಯಾನಿನ ಕವರಿನೊಳಗೆ ತೆಂಗಿನ ನಾರು, ಗೊಬ್ಬರ ಚೀಲದ ದಾರ, ಅರ್ಧ ತಿಂದ ಚಾಲಿ ಅಡಿಕೆ ಎಲ್ಲ ಸಿಕ್ಕಿತ್ತು. ಏರ್ ಕ್ಲೀನರನ್ನೂ ಬಿಚ್ಚಿ ನೋಡಿ, ಇಲಿಗೆ ಅದೂ ಇಷ್ಟ.

ಗಡಗಡ ಅಂತ ಇಡೀ ಗಾಡಿ ನಡುಗುತ್ತಿದ್ದರೆ ಎಂಜಿನ್ ಕೂರಿಸಿದ ಬೋಲ್ಟುಗಳನ್ನು ನೋಡಿ. ಎಷ್ಟೋ ಟಿಲ್ಲರುಗಳಲ್ಲಿ ಬೆಲ್ಟ್ ಬಿಗಿ ಮಾಡಲೆಂದೇ ಎಂಜಿನ್ ಹಿಂದೆ ಮುಂದೆ ಸರಿಯುವ ಹಾಗೆ ಇರುತ್ತದೆ. ಆ ಬೋಲ್ಟ್ ಸಡಿಲಾದರೆ ಎಂಜಿನ್ ಫ್ರೇಮಿನ ಮೇಲೆ ಕುಣಿಯುತ್ತದೆ. ಸಡಿಲ ಬೋಲ್ಟಿನ ಗುರುತು ಕಣ್ಣಿಗೇ ಕಾಣುತ್ತದೆ: ವಾಷರ್ ಸುತ್ತ ತುಕ್ಕಿನ ಬಣ್ಣದ ನುಣ್ಣಗಿನ ಪುಡಿ, ಅಥವಾ ಬಣ್ಣ ಉಜ್ಜಿ ಹೊಳೆಯುವ ಲೋಹ. ಇಂಥ ಪುಡಿ ಎಲ್ಲಿ ಕಂಡರೂ ಅಲ್ಲಿ ಎರಡು ಲೋಹ ಒಂದಕ್ಕೊಂದು ಉಜ್ಜುತ್ತಿವೆ ಅಂತ ಅರ್ಥ.

ಸೈಲೆನ್ಸರ್ ಹತ್ತಿರ ಪಟ್ ಪಟ್

ಟ್ಯಾಪೆಟ್ (ಎಂಜಿನ್ನಿನ ವಾಲ್ವ್ ಒತ್ತುವ ಭಾಗ) ಶಬ್ದ ಅಂತ ಎಷ್ಟೋ ಜನ ಮೋಸ ಹೋಗುವುದು ಇಲ್ಲಿ. ಸೈಲೆನ್ಸರ್ ಎಂಜಿನ್ನಿಗೆ ಕೂಡುವ ಕಡೆ ಗ್ಯಾಸ್ಕೆಟ್ ಸುಟ್ಟಿದ್ದರೆ ಅಥವಾ ನಟ್ ಸಡಿಲಾಗಿದ್ದರೆ ಹೊಗೆ ಸಂದಿಯಿಂದ ಚಿಮ್ಮಿ ಪಟ್ ಪಟ್ ಅನ್ನುತ್ತದೆ, ಲೋಡ್ ಬಿದ್ದಾಗ ಇನ್ನೂ ಜೋರು. ಜೋಡಣೆಯ ಸುತ್ತ ಕರಿ ಮಸಿ ಹಿಡಿದಿದ್ದರೆ ಇದೇ ಅಂತ ಖಾತ್ರಿ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ನಟ್ ಬಿಗಿ ಮಾಡಿ ನೋಡಿ, ಆಗದಿದ್ದರೆ ಗ್ಯಾಸ್ಕೆಟ್ ಹಾಕಿ. ಇದು ಸಣ್ಣ ಖರ್ಚು.

ಕೀಚ್ ಅನ್ನುವ ಶಬ್ದ

ಕ್ಲಚ್ ಆನ್ ಮಾಡಿದ ತಕ್ಷಣ ಅಥವಾ ರೋಟರಿ ಗಟ್ಟಿ ನೆಲಕ್ಕೆ ಬಿದ್ದಾಗ ಕೀಚ್ ಅಂದರೆ ಬೆಲ್ಟ್ ಜಾರುತ್ತಿದೆ. ರಬ್ಬರ್ ಸುಟ್ಟ ವಾಸನೆಯೂ ಬರುತ್ತದೆ. ಎಂಜಿನ್ ಆಫ್ ಮಾಡಿ, ಕವರ್ ತೆಗೆದು, ಎರಡು ಪುಲ್ಲಿಗಳ ನಡುವೆ ಬೆಲ್ಟನ್ನು ಹೆಬ್ಬೆರಳಲ್ಲಿ ಒತ್ತಿ. ಸುಮಾರು ಎರಡು ಸೆಂಟಿಮೀಟರ್ ಒಳಗೆ ಹೋದರೆ ಸರಿ. ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಅದನ್ನೇ ನಂಬಿ. ಜೋತು ಬಿದ್ದಿದ್ದರೆ ಬಿಗಿ ಮಾಡಿ. ಹಾಗಂತ ತಂತಿಯ ಹಾಗೆ ಎಳೆದು ಕಟ್ಟಬೇಡಿ. ಜಾಸ್ತಿ ಬಿಗಿಯಾದರೆ ಪುಲ್ಲಿಯ ಬೇರಿಂಗ್ ಹೋಗುತ್ತದೆ, ಬೆಲ್ಟಿನ ಕೀಚ್ ಹೋಗಿ ಬೇರಿಂಗಿನ ಗರ್ರ್ ಶುರುವಾಗುತ್ತದೆ.

ಬೆಲ್ಟಿನ ಪಕ್ಕ ಗಾಜಿನ ಹಾಗೆ ಹೊಳೆಯುತ್ತಿದ್ದರೆ, ಬಿರುಕು ಬಿಟ್ಟಿದ್ದರೆ ಬದಲಾಯಿಸಿ. ಒಂದೇ ಬೆಲ್ಟ್ ಹಾಳಾಗಿದ್ದರೂ ಪೂರ್ತಿ ಸೆಟ್ ಹಾಕಬೇಕು. ಹಳೆಯವು ಎಳೆದುಕೊಂಡು ಉದ್ದವಾಗಿರುತ್ತವೆ, ಹೊಸದೊಂದೇ ಭಾರವೆಲ್ಲ ಹೊತ್ತು ಬೇಗ ಹರಿಯುತ್ತದೆ. ಸೋಪು ಉಜ್ಜುವುದು, ಗ್ರೀಸ್ ಹಚ್ಚುವುದು ದಯವಿಟ್ಟು ಬೇಡ. ಶಬ್ದ ಅರ್ಧ ದಿನ ನಿಲ್ಲುತ್ತದೆ, ಬೆಲ್ಟ್ ಪೂರ್ತಿ ಹಾಳಾಗುತ್ತದೆ.

ಕ್ಲಚ್ ಒಂದು ಕಡೆ ಇದ್ದಾಗ ಗರ್ರ್, ಇನ್ನೊಂದು ಕಡೆ ಮೌನ

ಇದು ನನಗೆ ಬಹಳ ಇಷ್ಟದ ಪರೀಕ್ಷೆ. ಬರೀ ಲಿವರ್ ಆಡಿಸಿ ಉತ್ತರ ಸಿಗುತ್ತದೆ.

ಕ್ಲಚ್ ಆಫ್ ಇದ್ದಾಗ ಪುಲ್ಲಿ ತಿರುಗುತ್ತದೆ, ಆದರೆ ಒಳಗಿನ ಶಾಫ್ಟ್ ನಿಂತಿರುತ್ತದೆ. ಅವೆರಡರ ನಡುವಿನ ಬೇರಿಂಗ್ ಆಗ ಮಾತ್ರ ಕೆಲಸ ಮಾಡುವುದು. ಕ್ಲಚ್ ಆನ್ ಮಾಡಿದರೆ ಎರಡೂ ಒಟ್ಟಿಗೆ ತಿರುಗುತ್ತವೆ, ಬೇರಿಂಗಿಗೆ ರಜೆ. ಹಾಗಾಗಿ ಆಫ್‌ನಲ್ಲಿ ಗರ್ರ್ ಅಂದು ಆನ್ ಮಾಡಿದಾಗ ನಿಂತರೆ ಪುಲ್ಲಿಯ ಬೇರಿಂಗ್ ಅಥವಾ ಕ್ಲಚ್ ರಿಲೀಸ್ ಬೇರಿಂಗ್. ಇದಕ್ಕೆ ತಿರುಗಾಮುರುಗಾ, ಅಂದರೆ ನ್ಯೂಟ್ರಲ್ಲಿನಲ್ಲಿ ಕ್ಲಚ್ ಆನ್ ಮಾಡಿದಾಗ ಗರ್ರ್ ಅಂದು ಆಫ್ ಮಾಡಿದಾಗ ನಿಂತರೆ ಗೇರ್ ಬಾಕ್ಸಿನ ಮುಂದಿನ ಶಾಫ್ಟಿನ ಬೇರಿಂಗ್ ಕಡೆ ಅನುಮಾನ.

ಮೊದಲನೆಯದು ಅಷ್ಟು ಅರ್ಜೆಂಟ್ ಅಲ್ಲ, ಆ ವಾರದ ಕೆಲಸ ಮುಗಿಸಿ ರಿಪೇರಿ ಮಾಡಿಸಬಹುದು. ಆದರೆ ಬೇರಿಂಗ್ ಕಿರ್ರ್ ಅಂತ ಕೂಗುತ್ತಿದ್ದರೆ, ಪುಲ್ಲಿ ಮುಟ್ಟಲಾರದಷ್ಟು ಬಿಸಿಯಾಗುತ್ತಿದ್ದರೆ, ಅಥವಾ ಎಂಜಿನ್ ಆಫ್ ಮಾಡಿ ಪುಲ್ಲಿಯನ್ನು ಕೈಯಲ್ಲಿ ಅಲ್ಲಾಡಿಸಿದಾಗ ಲಟಲಟ ಅಂದರೆ ಆವತ್ತೇ ನಿಲ್ಲಿಸಿ. ಎರಡನೆಯದಕ್ಕೆ ಮೊದಲು ಗೇರ್ ಆಯಿಲ್ ಮಟ್ಟ ನೋಡಿ. ಆಯಿಲ್ ಕಮ್ಮಿಯಾಗಿ ಸದ್ದು ಮಾಡುತ್ತಿದ್ದ ಗೇರ್ ಬಾಕ್ಸ್, ತುಂಬಿದ ಮೇಲೆ ಸುಮ್ಮನಾದರೆ ಸಂತೋಷಪಡಿ. ಆದರೆ ಆಯಿಲ್ ಎಲ್ಲಿ ಹೋಯಿತು ಅಂತಲೂ ಹುಡುಕಿ, ಅದು ಆವಿಯಾಗಿ ಹೋಗುವುದಿಲ್ಲ ಅಲ್ವಾ.

ರೋಟರಿ ಹಾಕಿದಾಗ ಮಾತ್ರ ಕರಕರ, ಚಟಾಚಟ್

ಅಡಿಕೆ ತೋಟದವರು ಇದನ್ನು ಗಮನವಿಟ್ಟು ಓದಿ, ನಮ್ಮಲ್ಲಿ ಜಾಸ್ತಿ ಆಗುವುದು ಇದೇ.

ನೆಲದಲ್ಲಿ ಸೋಗೆ, ಹಾಳೆ, ಹಳೇ ಡ್ರಿಪ್ ಪೈಪು, ಗೊನೆ ಇಳಿಸಿದ ಹಗ್ಗದ ತುಂಡು, ಗೊಬ್ಬರ ಚೀಲದ ಪ್ಲಾಸ್ಟಿಕ್ ದಾರ ಎಲ್ಲ ಬಿದ್ದಿರುತ್ತದೆ. ಬ್ಲೇಡ್ ಅದನ್ನೆಲ್ಲ ಸುತ್ತಿಕೊಳ್ಳುತ್ತದೆ. ದಪ್ಪಗೆ ಸುತ್ತಿದ್ದು ಕಾಣುತ್ತದೆ, ನಾವು ಕತ್ತಿಯಲ್ಲಿ ಕೊಯ್ದು ತೆಗೆಯುತ್ತೇವೆ. ಕಾಣದ್ದು ತೆಳ್ಳಗಿನ ಪ್ಲಾಸ್ಟಿಕ್ ದಾರ. ಅದು ಶಾಫ್ಟಿನ ಬುಡಕ್ಕೆ ಸರಿದು, ಆಯಿಲ್ ಸೀಲಿನ ತುಟಿಯ ಕೆಳಗೆ ಹೊಕ್ಕು, ಬ್ಲೇಡಿನ ಹಾಗೆ ಅದನ್ನು ಕೊಯ್ಯುತ್ತದೆ. ಸೀಲ್ ಹೋದರೆ ಚೈನ್ ಕೇಸಿನ (ರೋಟರಿ ತಿರುಗಿಸುವ ಚೈನಿನ ಪೆಟ್ಟಿಗೆಯ) ಆಯಿಲ್ ಹನಿಹನಿಯಾಗಿ ಮಣ್ಣಿಗೆ ಹೋಗುತ್ತದೆ. ಹಸಿ ಮಣ್ಣಿನಲ್ಲಿ ಆಯಿಲ್ ಸೋರಿದ್ದು ಯಾರಿಗೆ ಕಾಣಬೇಕು? ಸೋರಿದ ಜಾಗದಿಂದಲೇ ಕೆಸರು ಒಳಗೆ ಹೋಗುತ್ತದೆ. ಎರಡು ವಾರ ಬಿಟ್ಟು ಚೈನ್ ಕರಕರ ಅನ್ನುತ್ತದೆ. ನಾವು ಚೈನ್ ಬದಲಾಯಿಸುತ್ತೇವೆ. ದಾರ ಅಲ್ಲೇ ಇರುತ್ತದೆ, ಮುಂದಿನ ವರ್ಷ ಮತ್ತೆ ಚೈನ್.

ಆದ್ದರಿಂದ ಎಂಜಿನ್ ಆಫ್ ಮಾಡಿ, ರೋಟರಿ ಎತ್ತಿ, ಕೆಳಗೆ ಗಟ್ಟಿ ಮರದ ತುಂಡು ಕೊಟ್ಟು ನಿಲ್ಲಿಸಿ. ಶಾಫ್ಟಿನ ಬುಡದಲ್ಲಿ ಟಾರ್ಚ್ ಬಿಟ್ಟು ನೋಡಿ. ಮಣ್ಣು ಬೇರೆ ಕಡೆ ಒಣಗಿ ಬಿಳಿಚಿಕೊಂಡು, ಅಲ್ಲಿ ಮಾತ್ರ ಕಪ್ಪಗೆ ಜಿಡ್ಡಾಗಿದ್ದರೆ ಸೀಲ್ ಹೋಗಿದೆ. ಚೈನ್ ಕೇಸಿನ ಲೆವೆಲ್ ಪ್ಲಗ್ ತೆಗೆದು ಆಯಿಲ್ ನೋಡಿ. ಹಾಲು ಬೆರೆಸಿದ ಕಾಫಿ ಬಣ್ಣ ಬಂದಿದ್ದರೆ ನೀರು ಹೊಕ್ಕಿದೆ.

ಚಟಾಚಟ್ ಅಂತ ಒಳಗಿನಿಂದ ಹೊಡೆಯುವ ಸದ್ದು ಬಂದರೆ ಚೈನ್ ಸಡಿಲಾಗಿ ಕೇಸಿಗೆ ಬಡಿಯುತ್ತಿದೆ. ಟೆನ್ಶನರ್ ಇದ್ದರೆ ಬಿಗಿ ಮಾಡಿ. ಟೆನ್ಶನರ್ ಕೊನೆಗೆ ಬಂದಿದ್ದರೆ ಚೈನಿನ ಆಯುಷ್ಯ ಮುಗಿದಿದೆ. ಆಗ ಸ್ಪ್ರಾಕೆಟಿನ ಹಲ್ಲನ್ನೂ ನೋಡಿ, ಕೊಕ್ಕೆಯ ಹಾಗೆ ಬಾಗಿದ ಹಲ್ಲಿನ ಮೇಲೆ ಹೊಸ ಚೈನ್ ಹಾಕಿದರೆ ದುಡ್ಡು ದಂಡ.

ಒಂದು ಸುತ್ತಿಗೆ ಒಂದು ಸಲ ದಡ್ ಅಂತ ಹ್ಯಾಂಡಲಿಗೆ ಹೊಡೆತ ಬರುತ್ತಿದ್ದರೆ ಚೈನ್ ಅಲ್ಲ, ಬ್ಲೇಡ್. ಒಂದು ಮುರಿದಿರಬಹುದು, ಬೋಲ್ಟ್ ಸಡಿಲಾಗಿರಬಹುದು, ಅಥವಾ ಕಳೆದ ಸಲ ಹಾಕಿದವರು ಎಡದ್ದನ್ನು ಬಲಕ್ಕೆ ಹಾಕಿರಬಹುದು.

ಟ್ರೈಲರ್ ಕಟ್ಟಿದಾಗ, ತಿರುಗಿಸುವಾಗ

ಹೆಚ್ಚು ಹೇಳುವುದಿಲ್ಲ. ಗೇರ್ ಹಾಕಿದಾಗ, ಬ್ರೇಕ್ ಹಿಡಿದಾಗ ಠಣ್ ಅಂದರೆ ಟ್ರೈಲರ್ ಕೊಂಡಿಯ ಪಿನ್ ಮತ್ತು ಬುಷ್ ಸವೆದಿದೆ. ಎಂಜಿನ್ ಆಫ್ ಇಟ್ಟು ಹ್ಯಾಂಡಲನ್ನು ಮೇಲೆ ಕೆಳಗೆ ಆಡಿಸಿದರೆ ಅದೇ ಠಣ್ ಕೈಗೆ ಸಿಗುತ್ತದೆ. ತಿರುಗಿಸುವಾಗ ಮಾತ್ರ ಕಟಕಟ ಅಂದರೆ ಸ್ಟಿಯರಿಂಗ್ ಕ್ಲಚ್ಚಿನ ಹಲ್ಲು ಸರಿಯಾಗಿ ಕೂರುತ್ತಿಲ್ಲ. ಮೊದಲು ಕೇಬಲ್ ಅಥವಾ ರಾಡಿನ ಅಡ್ಜಸ್ಟ್‌ಮೆಂಟ್ ನೋಡಿ, ಆಮೇಲೆ ಗೇರ್ ಬಾಕ್ಸಿನ ಮಾತು. ಚಕ್ರದ ನಟ್ಟುಗಳನ್ನು ಹೇಗೂ ಒಮ್ಮೆ ಬಿಗಿ ಮಾಡಿ.

ಎಂಜಿನ್ ಒಳಗಿಂದಲೇ ಟಕ್ ಟಕ್

ಮೇಲಿನದ್ದೆಲ್ಲ ನೋಡಿಯೂ ಶಬ್ದ ಹೋಗಿಲ್ಲ ಅಂತಾದರೆ ಈಗ ಎಂಜಿನ್. ಆದರೆ ಬಿಚ್ಚುವ ಮಾತು ಇನ್ನೂ ಬೇಡ.

ಎಂಜಿನ್ ಆಫ್ ಮಾಡಿ ಬೆಲ್ಟುಗಳನ್ನು ಕಳಚಿ. ಆಮೇಲೆ ಸ್ಟಾರ್ಟ್ ಮಾಡಿ ಸ್ಲೋನಲ್ಲಿ ಒಂದೆರಡು ನಿಮಿಷ ಓಡಿಸಿ, ರೇಸ್ ಕೊಡಬೇಡಿ. ಶಬ್ದ ನಿಂತಿತಾ? ಹಾಗಾದರೆ ಎಂಜಿನ್ನಿಗೆ ಕ್ಲೀನ್ ಚಿಟ್, ಬೆಲ್ಟಿನ ಆಚೆ ಹುಡುಕಿ. ಇನ್ನೂ ಇದ್ದರೆ ಮುಂದೆ ಓದಿ.

ಡಿಪ್‌ಸ್ಟಿಕ್ ಎಳೆದು ಆಯಿಲ್ ಮಟ್ಟ ನೋಡಿ, ಮೂಸಿ ನೋಡಿ. ಡೀಸೆಲ್ ವಾಸನೆ ಬಂದು, ಬೆರಳ ನಡುವೆ ನೀರಿನ ಹಾಗೆ ತೆಳ್ಳಗಿದ್ದರೆ ಡೀಸೆಲ್ ಆಯಿಲಿಗೆ ಇಳಿಯುತ್ತಿದೆ. ತೆಳು ಆಯಿಲಿನಲ್ಲಿ ಒಳ್ಳೆಯ ಬೇರಿಂಗೂ ಶಬ್ದ ಮಾಡುತ್ತದೆ. ಮಟ್ಟ ಗೆರೆಗಿಂತ ಮೇಲೆ ಬಂದಿದ್ದರಂತೂ ಸ್ಟಾರ್ಟ್ ಮಾಡಲೇಬೇಡಿ. ಎಂಜಿನ್ ತನ್ನದೇ ಆಯಿಲ್ ಕುಡಿದು ರೇಸ್ ಏರಿಸಿಕೊಂಡು ಹೋಗಬಹುದು, ಆಗ ಡೀಸೆಲ್ ಬಂದ್ ಮಾಡಿದರೂ ನಿಲ್ಲುವುದಿಲ್ಲ. ಹಾಗಾದರೆ ಡಿಕಂಪ್ರೆಷನ್ ಲಿವರ್ (ಸಿಲಿಂಡರಿನ ಒತ್ತಡ ಬಿಡುವ ಲಿವರ್) ಎಳೆಯಿರಿ, ಇಲ್ಲವೇ ಗಾಳಿ ಎಳೆಯುವ ಬಾಯಿಗೆ ಹಲಗೆ ಅದುಮಿ. ಕೈ ಅಲ್ಲ, ಹಲಗೆ. ಅದೂ ಆಗದಿದ್ದರೆ ದೂರ ಓಡಿ, ಟಿಲ್ಲರ್ ಹೋದರೆ ಹೋಗಲಿ.

ಆಯಿಲ್ ಸರಿ ಇದ್ದರೆ ಈಗ ಮುಖ್ಯ ಪರೀಕ್ಷೆ. ಎರಡು ಮೂರು ಸಿಲಿಂಡರಿನ ಎಂಜಿನ್ನಿನಲ್ಲಿ ಒಂದೊಂದೇ ನಾಝಲ್ ಬಂದ್ ಮಾಡಿ ಕೇಳುತ್ತಾರೆ. ನಮ್ಮದರಲ್ಲಿ ಇರುವುದೇ ಒಂದು, ಬಂದ್ ಮಾಡಿದರೆ ಎಂಜಿನ್ ನಿಲ್ಲುತ್ತದೆ. ಆ ನಿಲ್ಲುವ ಕೆಲವು ಸೆಕೆಂಡುಗಳೇ ನಮಗೆ ಬೇಕಾದದ್ದು. ಸ್ವಲ್ಪ ರೇಸಿನಲ್ಲಿ ಇಟ್ಟು, ಥಟ್ಟನೆ ಡೀಸೆಲ್ ಬಂದ್ ಮಾಡಿ, ಫ್ಲೈವೀಲ್ (ಕ್ರ್ಯಾಂಕ್ ಶಾಫ್ಟಿನ ತುದಿಯ ಭಾರದ ಚಕ್ರ) ತನ್ನಷ್ಟಕ್ಕೆ ಸುತ್ತುತ್ತಾ ನಿಲ್ಲುವವರೆಗೆ ಕಿವಿ ಕೊಡಿ.

ಡೀಸೆಲ್ ನಿಂತ ಕ್ಷಣವೇ ಶಬ್ದವೂ ನಿಂತರೆ ಅದು ಹೆಚ್ಚಾಗಿ ಡೀಸೆಲ್ ಉರಿಯುವ ಶಬ್ದ: ನಾಝಲ್ ತೊಟ್ಟಿಕ್ಕುತ್ತಿದೆ ಅಥವಾ ಟೈಮಿಂಗ್ (ಡೀಸೆಲ್ ಚಿಮ್ಮುವ ಹೊತ್ತು) ಮುಂದಾಗಿದೆ. ಕಣ್ ಕಣ್ ಅಂತ ಚೂಪಾಗಿರುತ್ತದೆ, ತಣ್ಣಗಿರುವಾಗ ಜಾಸ್ತಿ, ಹೊಗೆಯ ಬಣ್ಣವೂ ಕೆಟ್ಟಿರುತ್ತದೆ. ನಾಝಲ್ ಬಿಚ್ಚಿ ಪಂಪ್ ರಿಪೇರಿ ಅಂಗಡಿಯಲ್ಲಿ ಟೆಸ್ಟ್ ಮಾಡಿಸಿದರೆ ಗೊತ್ತಾಗುತ್ತದೆ. ಎಂಜಿನ್ ಬಿಚ್ಚುವುದು ಬೇಡ.

ಡೀಸೆಲ್ ನಿಂತ ಮೇಲೂ ಟಕ್ ಟಕ್ ಮುಂದುವರಿದರೆ ಏನೋ ಒಂದು ನಿಜವಾಗಿ ಸಡಿಲಿದೆ. ಸಣ್ಣ ಟಿಕ್ ಟಿಕ್ ಆಗಿ, ಸಿಲಿಂಡರ್ ಹೆಡ್ಡಿನ ಕಡೆಯಿಂದ ಬಂದರೆ ಟ್ಯಾಪೆಟ್. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಹೆಡ್ ಕವರಿಗೆ ಇಟ್ಟು, ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ಒತ್ತಿದರೆ ಸ್ಪಷ್ಟ ಕೇಳುತ್ತದೆ. ಬೆಲ್ಟಿನ ಕಡೆ ಈ ಸಾಹಸ ಬೇಡ. ಟ್ಯಾಪೆಟ್ ಅಂತರ ಮಾಡೆಲಿಗೊಂದು ಇರುತ್ತದೆ, ಪುಸ್ತಕ ನೋಡಿ ಫೀಲರ್ ಗೇಜಿನಲ್ಲಿ ಹೊಂದಿಸಿ. ಅಂದಾಜಿನಲ್ಲಿ ಮಾಡಬೇಡಿ.

ಶಬ್ದ ದಪ್ಪಗೆ, ಸುತ್ತಿಗೆಯಲ್ಲಿ ಹೊಡೆದ ಹಾಗೆ ಇದ್ದರೆ ರಾಡ್ ಬೇರಿಂಗ್ ಇರಬಹುದು. ಇಲ್ಲಿಯೇ ನಾನು ಬಿದ್ದದ್ದು. ರಾಡ್ ಬೇರಿಂಗಿನ ಹಾಗೇ ಶಬ್ದ ಮಾಡುವುದು ಇನ್ನೊಂದಿದೆ, ಅದು ಸಡಿಲಾದ ಫ್ಲೈವೀಲ್. ಸಾಮಾನ್ಯವಾಗಿ ರಾಡ್ ಬೇರಿಂಗ್ ಲೋಡ್ ಬಿದ್ದಂತೆ ಜೋರಾಗುತ್ತದೆ. ಫ್ಲೈವೀಲ್ ಸ್ಲೋನಲ್ಲಿ ಟಕ್ ಅನ್ನುತ್ತದೆ, ಎಂಜಿನ್ ನಿಲ್ಲುವಾಗ ಕೊನೆಯ ಎರಡು ಮೂರು ಸುತ್ತಿನಲ್ಲಿ ಇನ್ನೂ ಜೋರು, ರೇಸ್ ಕೊಟ್ಟರೆ ಅಡಗುತ್ತದೆ. ನಮ್ಮದು ಮೊದಲ ದಿನದಿಂದ ಹೇಳುತ್ತಿದ್ದದ್ದು ಅದನ್ನೇ.

ಕಂಡುಹಿಡಿದವರು ನಮ್ಮ ಪಕ್ಕದೂರಿನ ಒಬ್ಬ ಹಳೇ ಮೇಸ್ತ್ರಿ. ಬಂದವರು ಬಾಯಲ್ಲಿದ್ದ ಕವಳ ಉಗಿದು, ಒಂದೇ ಸಲ ಸ್ಟಾರ್ಟ್ ಮಾಡಿಸಿ, ಒಂದೇ ಸಲ ಆಫ್ ಮಾಡಿಸಿದರು. ಆಮೇಲೆ ಸಂಚಿಯಿಂದ ಸುಣ್ಣದ ಡಬ್ಬಿ ತೆಗೆದರು. ನನಗೆ ಇನ್ನೊಂದು ಕವಳಕ್ಕೆ ಅಂತ ಅನ್ನಿಸಿತು. ಪುಲ್ಲಿಯ ನಡುವಿನ ತೂತಿನೊಳಗೆ ಬೆರಳು ಹಾಕಿ, ಕ್ರ್ಯಾಂಕ್ ಶಾಫ್ಟಿನ ತುದಿಯಿಂದ ನಟ್ಟಿನ ಮೇಲೆ ಹಾಯ್ದು ಫ್ಲೈವೀಲಿನವರೆಗೆ ಒಂದು ಸುಣ್ಣದ ಗೆರೆ ಎಳೆದರು. "ಒಣಗಲಿ ಗೌಡ್ರೇ, ಒಂದು ಚಾ ಆಗಲಿ" ಅಂದರು. ಚಾ ಕುಡಿದು ಬಂದು ಫ್ಲೈವೀಲನ್ನು ಎರಡೂ ಕೈಯಲ್ಲಿ ಹಿಡಿದು ಹಿಂದೆ ಮುಂದೆ ಸ್ವಲ್ಪ ಸ್ವಲ್ಪವೇ ಆಡಿಸಿದರು. ಟಕ್. ಟಾರ್ಚ್ ಬಿಟ್ಟು ನೋಡಿದರೆ ಒಣಗಿದ ಸುಣ್ಣ ನಟ್ಟಿನ ಅಂಚಿನಲ್ಲಿ ಕೂದಲಿನಷ್ಟು ಬಿರಿದಿತ್ತು. ಶಾಫ್ಟ್ ನಿಂತಲ್ಲೇ ನಿಂತಿತ್ತು, ಫ್ಲೈವೀಲ್ ಮಾತ್ರ ಆಡಿತ್ತು.

ನಟ್ ಬಿಚ್ಚಿ, ಪುಲ್ಲರ್ ಹಾಕಿ ಫ್ಲೈವೀಲ್ ಎಳೆದಾಗ ಒಳಗಿನ ಕೀ (ಫ್ಲೈವೀಲನ್ನು ಶಾಫ್ಟಿಗೆ ಹಿಡಿದಿಡುವ ಲೋಹದ ತುಂಡು) ಒಂದು ಬದಿ ಜಜ್ಜಿ ಹೋಗಿತ್ತು. ನಮ್ಮ ಪುಣ್ಯ, ಶಾಫ್ಟಿನಲ್ಲಿ ಕೀ ಕೂರುವ ಸೀಳು ಹಾಳಾಗಿರಲಿಲ್ಲ. ಹೊಸ ಕೀ, ಹೊಸ ಲಾಕ್ ವಾಷರ್, ಮೇಸ್ತ್ರಿಯ ಕೂಲಿ, ಎಲ್ಲ ಸೇರಿ 650 ರೂಪಾಯಿ.

ನೀವೂ ಸುಣ್ಣದ ಗೆರೆ ಎಳೆದು ನೋಡಬಹುದು, ಎಂಜಿನ್ ಆಫ್ ಇದ್ದಾಗ. ಬಿರುಕು ಬಂದರೆ ಫ್ಲೈವೀಲ್. ಗೆರೆ ಹಾಗೇ ಇದ್ದು, ಶಾಫ್ಟ್ ಸಮೇತ ಆಡಿ ಒಳಗಿನಿಂದ ಟಕ್ ಅಂದರೆ ರಾಡ್ ಬೇರಿಂಗ್ ಕಡೆ ಅನುಮಾನ ಬಲವಾಗುತ್ತದೆ. ಆದರೆ ಫ್ಲೈವೀಲ್ ತೆಗೆಯುವ ಕೆಲಸ ಮನೆಯಲ್ಲಿ ಬೇಡ. ಅದರ ಭಾರ ಕಾಲ ಮೇಲೆ ಬಿದ್ದರೆ ಬೆರಳು ಉಳಿಯುವುದಿಲ್ಲ, ಪುಲ್ಲರ್ ಇಲ್ಲದೆ ಸುತ್ತಿಗೆಯಲ್ಲಿ ಹೊಡೆದರೆ ಶಾಫ್ಟ್ ಹೋಗುತ್ತದೆ.

ರಾಡ್ ಬೇರಿಂಗ್ ಅನುಮಾನ ಇದ್ದರೆ ಬಿಚ್ಚಿಸುವ ಮೊದಲು ಆಯಿಲ್ ಇಳಿಸಿ ನೋಡಿ. ಹಳೇ ಬಿಳಿ ಪಂಚೆಯ ತುಂಡನ್ನು ಬುಟ್ಟಿಗೆ ಕಟ್ಟಿ ಅದರ ಮೇಲೆ ಸೋಸಿ, ಬಿಸಿಲಿಗೆ ಹಿಡಿಯಿರಿ. ಕಪ್ಪು ಮಸಿ ಇದ್ದರೆ ಸಹಜ. ಬೆಳ್ಳಿಯ ಹಾಗೆ ಮಿಂಚುವ ಚೂರು ಬೇರಿಂಗಿನದ್ದೋ ಪಿಸ್ಟನ್ನಿನದ್ದೋ, ತಾಮ್ರ ಹಿತ್ತಾಳೆಯ ಬಣ್ಣದ್ದು ಬುಷ್. ಕೆಟ್ಟ ರೇಡಿಯೋ ಸ್ಪೀಕರಿನ ಅಯಸ್ಕಾಂತ ಆಡಿಸಿದಾಗ ಹಿಡಿದುಕೊಂಡದ್ದು ಕಬ್ಬಿಣದ್ದು, ಅಂದರೆ ಗೇರ್, ರಿಂಗ್, ಲೈನರ್ ಹೀಗೆ. ನನ್ನ ಆಯಿಲನ್ನು ಆವತ್ತು ಯಾರೂ ಸೋಸಿ ನೋಡಲಿಲ್ಲ.

ಇಂಥದ್ದು ಕಂಡರೆ ಅಲ್ಲೇ ನಿಲ್ಲಿಸಿ

ದಪ್ಪ ಟಕ್ ಟಕ್ ದಿನದಿಂದ ದಿನಕ್ಕೆ ಜೋರಾಗುತ್ತಿದ್ದರೆ ಗೊನೆ ಸಾಗಿಸಿ ಮುಗಿಸೋಣ ಅನ್ನಬೇಡಿ. ರಾಡ್ ಮುರಿದರೆ ಎಂಜಿನ್ನಿನ ಗೋಡೆಯನ್ನೇ ಒಡೆದುಕೊಂಡು ಬರುತ್ತದೆ. ಆಯಿಲ್ ಸೂಚಕ ಒತ್ತಡ ಇಲ್ಲ ಅಂತ ತೋರಿಸಿದರೆ, ಸೋಸಿದ ಆಯಿಲಿನಲ್ಲಿ ಮಿಂಚು ಕಂಡರೆ, ಕ್ಲಚ್ ಎಳೆದರೂ ಗಾಡಿ ಮುಂದೆ ಹೋಗುತ್ತಿದ್ದರೆ, ಗೇರ್ ತಾನೇ ಬಿಟ್ಟುಕೊಳ್ಳುತ್ತಿದ್ದರೆ, ರಿವರ್ಸಿನಲ್ಲೂ ರೋಟರಿ ಸುತ್ತುತ್ತಿದ್ದರೆ ಮೆಕ್ಯಾನಿಕ್ ಬರುವವರೆಗೆ ಮುಟ್ಟಬೇಡಿ. ಕೊನೆಯದು ಶಬ್ದವೇ ಇಲ್ಲದೆ ಕಾಲು ತೆಗೆಯುವ ದೋಷ. ಹಿಂದೆ ಬರುವ ಟಿಲ್ಲರ್ ನಿಮ್ಮ ಮೇಲೇ ಬರುತ್ತದೆ.

ಗ್ಯಾರೇಜಿಗೆ ಹೋಗಲೇಬೇಕಾದರೆ

"ಶಬ್ದ ಬರ್ತಿದೆ, ನೋಡಿ" ಅಂತ ಬಿಟ್ಟು ಬರಬೇಡಿ. ನಾನು ಬಿಟ್ಟು ಬಂದಿದ್ದೆ. ಕ್ಲಚ್ ಆಫ್‌ನಲ್ಲಿ ಇದೆ, ಆನ್‌ನಲ್ಲೂ ಇದೆ, ಬೆಲ್ಟ್ ಕಳಚಿದರೂ ಇದೆ, ರೇಸ್ ಕೊಟ್ಟರೆ ಹೋಗುತ್ತದೆ, ಡೀಸೆಲ್ ಬಂದ್ ಮಾಡಿದ ಮೇಲೂ ಬರುತ್ತದೆ ಅಂತ ಚೀಟಿ ಬರೆದು ಕೊಡಿ. ಮೊಬೈಲಿನಲ್ಲಿ ಒಂದೊಂದಕ್ಕೂ ಅರ್ಧ ನಿಮಿಷ ರೆಕಾರ್ಡ್ ಮಾಡಿಕೊಳ್ಳಿ. ಫೋನಿನಲ್ಲಿ ಶಬ್ದ ಒಡಕಾಗಿ ಕೇಳಿದರೂ ಇದೆ, ಇಲ್ಲ ಅನ್ನುವ ವ್ಯತ್ಯಾಸ ಗೊತ್ತಾಗುತ್ತದೆ. ಬಿಚ್ಚುವಾಗ ಎದುರು ನಿಲ್ಲಿ. ತೆಗೆದ ಹಳೇ ಸಾಮಾನನ್ನು ಕೇಳಿ ಮನೆಗೆ ತನ್ನಿ. ನನ್ನ ಹಳೇ ರಾಡ್ ಬೇರಿಂಗ್ ಈಗಲೂ ಕಿಟಕಿಯ ಮೇಲಿದೆ, ಒಂದು ಗೀರೂ ಇಲ್ಲ.

ಫ್ಲೈವೀಲ್ ಕೂರಿಸಿದ ಮೇಲೆ ಮೇಸ್ತ್ರಿ ಹೊಸದಾಗಿ ಸುಣ್ಣದ ಗೆರೆ ಎಳೆದು ಹೋಗಿದ್ದರು. ಮೊದಲ ದಿನದ ಕೆಲಸ ಆದ ಮೇಲೆ ಅವರನ್ನೇ ಕರೆಸಿ ನಟ್ಟಿಗೆ ಇನ್ನೊಂದು ಸಲ ಪಾನಾ ಕೊಡಿಸಿದೆ, ಸ್ವಲ್ಪ ತಿರುಗಿತು. ಗೆರೆ ಅಳಿಸಿ ಮತ್ತೆ ಎಳೆದಿದ್ದೇನೆ. ಮಳೆ ಸಿಡಿದರೆ ಹೋಗುತ್ತದೆ, ಆಗಾಗ ಹಚ್ಚುತ್ತಿರಬೇಕು.